ಕೈ ಎತ್ತಿದರೆ ಹಿಡಿಯುವ ಅಂಗಿಗೆ ಗಸೆಟ್: ಶಿರಸಿಯ ಒಂದು ಹಳೆಯ ಹೊಲಿಗೆ ಅಂಗಡಿಯ ಕೆಲಸ ಹೇಗಿದೆ

ಶಿರಸಿಯ ಸಿ.ಪಿ. ಬಜಾರಿಗೆ ಹೊಂದಿಕೊಂಡ ಒಳ ಓಣಿಯಲ್ಲಿರುವ ಈ ಹೊಲಿಗೆ ಅಂಗಡಿಗೆ ಹೊಸ ಬಟ್ಟೆ ಹೊಲಿಸಲು ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದಕ್ಕೆ ಪೇಟೆಯಲ್ಲಿ ಇದಕ್ಕಿಂತ ಚುರುಕಾದ, ಹೊಸ ಮಾದರಿಗಳನ್ನು ಬಲ್ಲ ಅಂಗಡಿಗಳು ಬೇಕಾದಷ್ಟಿವೆ. ಆದರೆ ಕೈ ಮೇಲೆತ್ತಿದ ಕೂಡಲೇ ಕಂಕುಳಲ್ಲಿ ಹಿಡಿಯುವ ಅಂಗಿ, ಕಾಲು ಅಗಲಿಸಿದರೆ ಬಿರಿಯುವ ಚಡ್ಡಿ, ತೋಳು ಬಿಗಿಯಾಗಿ ಮೂಲೆ ಸೇರಿದ ರವಿಕೆ ನಿಮ್ಮಲ್ಲಿದ್ದರೆ, ಅವುಗಳನ್ನು ಎಸೆಯುವ ಮುನ್ನ ಒಮ್ಮೆ ಇಲ್ಲಿಗೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ಹೊಲಿಗೆಯವರು ಗಸೆಟ್ ಎಂದು ಕರೆಯುವ ಸಣ್ಣ ತುಂಡನ್ನು ಸರಿಯಾದ ಜಾಗದಲ್ಲಿ, ಸರಿಯಾದ ರೀತಿಯಲ್ಲಿ ಕೂಡಿಸುವ ಕೆಲಸದಲ್ಲಿ ಈ ಅಂಗಡಿಯ ಹಿರಿಯರ ಕೈ ಪಳಗಿದೆ. ಬೋರ್ಡಿನ ಬಣ್ಣ ಹೋಗಿ 'ಟೇಲರ್ಸ್' ಎಂಬ ಅಕ್ಷರಗಳಷ್ಟೇ ಉಳಿದಿರುವುದರಿಂದ, ಮತ್ತು ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದರಿಂದ, ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಗಸೆಟ್ ಎಂಬ ಪದವನ್ನು ನಮ್ಮ ಕಡೆ ಹೊಲಿಗೆ ಅಂಗಡಿಗಳಿಗಿಂತ ಹೆಚ್ಚಾಗಿ ವೆಲ್ಡಿಂಗ್ ಶೆಡ್ಡುಗಳಲ್ಲಿ ಕೇಳುತ್ತೇವೆ. ಅಡಿಕೆ ಒಣಗಿಸುವ ಅಂಗಳಕ್ಕೆ ಕಬ್ಬಿಣದ ಚಪ್ಪರ ಹಾಕಿಸುವಾಗ ಎರಡು ಮೂರು ಪಟ್ಟಿಗಳು ಒಂದೆಡೆ ಸೇರುವ ಜಾಗಕ್ಕೆ ಕೂಡಿಸುವ ಬಲದ ತಗಡಿಗೂ ಅದೇ ಹೆಸರು. ಬಟ್ಟೆಯಲ್ಲಿ ಗಸೆಟ್ ಎಂದರೆ, ನಾಲ್ಕು ಹೊಲಿಗೆಗಳು ಬಂದು ಸೇರುವ, ಎಳೆತ ಹೆಚ್ಚು ಬೀಳುವ ಜಾಗದಲ್ಲಿ ಹೊಲಿಗೆಯನ್ನು ಬಿಡಿಸಿ ನಡುವೆ ಕೂಡಿಸುವ ಚೌಕಾಕಾರದ, ವಜ್ರಾಕೃತಿಯ ಅಥವಾ ತ್ರಿಕೋನದ ತುಂಡು. ಅಂಗಿಯಲ್ಲಿ ಅದರ ಜಾಗ ಕಂಕುಳು. ಪ್ಯಾಂಟು, ಪೈಜಾಮಗಳಲ್ಲಿ ಕಾಲುಗಳ ನಡುವಿನ ಸಂದಿ. ಹಳೆಯ ಪೈಜಾಮ ಹೊಲಿಯುತ್ತಿದ್ದವರು ಸಂದಿಯ ತುಂಡನ್ನು ಮಿಯಾನಿ ಎನ್ನುತ್ತಾರೆ, ಕುರ್ತಾದ ಕಂಕುಳ ತುಂಡಿಗೆ ಚೌಬಗಲ ಎಂಬ ಹೆಸರಿದೆ. ಈ ಅಂಗಡಿಯ ಹಿರಿಯರು ಯಾವ ಹೆಸರನ್ನೂ ಹೇಳದೆ 'ಬಗಲ ತುಂಡು' ಎನ್ನುತ್ತಾರೆ. ಗಸೆಟ್ ಎಂದು ಕೇಳಿದರೂ ಅವರಿಗೆ ಅರ್ಥವಾಗುತ್ತದೆ.

ತೇಪೆ ಮತ್ತು ಗಸೆಟ್ ಒಂದೇ ಎಂದುಕೊಳ್ಳುವವರು ಹೆಚ್ಚು. ತೇಪೆ ಹರಿದ ಜಾಗವನ್ನು ಮುಚ್ಚುತ್ತದೆ. ಅದರಿಂದ ಅಂಗಿಯ ಅಳತೆ ಬದಲಾಗುವುದಿಲ್ಲ, ಹಾಗಾಗಿ ಹರಿಯಲು ಕಾರಣವಾದ ಎಳೆತವೂ ಹಾಗೆಯೇ ಉಳಿಯುತ್ತದೆ. ಗಸೆಟ್ ಆ ಜಾಗಕ್ಕೆ ಹೊಸದಾಗಿ ಬಟ್ಟೆಯನ್ನು ಸೇರಿಸುತ್ತದೆ. ಕೈ ಇಳಿಬಿಟ್ಟಾಗ ಕಂಕುಳಲ್ಲಿ ಮಡಚಿಕೊಂಡು ಕಾಣದಂತಿದ್ದು, ಕೈ ಎತ್ತಿದಾಗ ಕೊಡೆಯ ಮಡಿಕೆಯಂತೆ ಬಿಚ್ಚಿಕೊಳ್ಳುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ನಾರುಬಟ್ಟೆಯ (ಲಿನನ್) ಅಂಗಿಗಳನ್ನು ಕೇವಲ ನೇರ ಆಯತಗಳಾಗಿ ಕತ್ತರಿಸಿ, ಕಂಕುಳಿಗೆ ಚೌಕದ ಗಸೆಟ್ ಕೊಟ್ಟು ಹೊಲಿಯುತ್ತಿದ್ದರು. ಕೈಮಗ್ಗದಿಂದ ಬಂದ ಬಟ್ಟೆಯಲ್ಲಿ ಒಂದು ಚೂರೂ ವ್ಯರ್ಥವಾಗಬಾರದೆಂಬುದು ಅದರ ಲೆಕ್ಕ. ನಮ್ಮ ಕುರ್ತಾದ ಹಳೆಯ ಕತ್ತರಿಕೆಯ ಹಿಂದಿರುವುದೂ ಇದೇ ಜಾಣತನ. ತೋಳಿನ ಮೇಲ್ಭಾಗವನ್ನು ದುಂಡಗೆ ಕತ್ತರಿಸಿ ಕೂಡಿಸುವ ಇಂದಿನ ಶರ್ಟಿನ ಪದ್ಧತಿ ಬಂದ ಮೇಲೆ ಕಂಕುಳ ತುಂಡು ಮರೆಗೆ ಸರಿಯಿತು. ಸಿದ್ಧ ಉಡುಪಿನ ಕಾರ್ಖಾನೆಗಳಿಗಂತೂ ನಾಲ್ಕು ಮೂಲೆಗಳಲ್ಲಿ ಸೂಜಿ ನಿಲ್ಲಿಸಿ ತಿರುಗಿಸುವಷ್ಟು ಪುರುಸೊತ್ತಿಲ್ಲ.

ಅಂಗಿ ಕಂಕುಳಲ್ಲಿ ಏಕೆ ಹಿಡಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಹಳಷ್ಟು ಟೇಲರುಗಳು ತಪ್ಪುವುದು ಇಲ್ಲಿಯೇ. ಕೈ ಇಳಿಬಿಟ್ಟು ನಿಂತಾಗ ಸೊಂಟದಿಂದ ಕಂಕುಳು, ಕಂಕುಳಿಂದ ಮೊಣಕೈ ಎಂಬ ದಾರಿ ಒಳಕ್ಕೆ ಮಡಚಿಕೊಂಡಿರುತ್ತದೆ. ಕೈಯನ್ನು ನೇರ ಮೇಲೆತ್ತಿದಾಗ ಆ ಮಡಿಕೆ ಬಿಚ್ಚಿ ಸೊಂಟದಿಂದ ಮೊಣಕೈವರೆಗಿನ ದೂರ ಹೆಚ್ಚಾಗುತ್ತದೆ. ಅಷ್ಟು ಉದ್ದಕ್ಕೆ ಪಕ್ಕದ ಹೊಲಿಗೆ ಮತ್ತು ತೋಳಿನ ಒಳಹೊಲಿಗೆ ಎರಡೂ ಸೇರಿ ಸಾಲದೇ ಹೋದರೆ ಅಂಗಿಯ ಕೆಳಅಂಚು ಮೇಲೇಳುತ್ತದೆ, ತೋಳು ಹಿಂದಕ್ಕೆ ಸರಿಯುತ್ತದೆ. ಎರಡಕ್ಕೂ ಅವಕಾಶವಿಲ್ಲದಿದ್ದರೆ ಬೆವರಿನಿಂದ ಮೊದಲೇ ದುರ್ಬಲವಾಗಿರುವ ಕಂಕುಳ ಬಟ್ಟೆ ಬಿರಿಯುತ್ತದೆ. ಅಂಗಿ ಹಿಡಿಯುತ್ತದೆ ಎಂದು ದೂರಿದಾಗ ಸಾಮಾನ್ಯವಾಗಿ ಕೊಡುವ ಪರಿಹಾರ ಆರ್ಮ್‌ಹೋಲನ್ನು, ಅಂದರೆ ಮೈಗೆ ತೋಳು ಕೂಡುವ ದುಂಡನೆಯ ಭಾಗವನ್ನು, ಇನ್ನೂ ಕೆಳಗಿಳಿಸಿ ಅಗಲ ಮಾಡುವುದು. ಕಾರವಾರದ ಅಂಗಡಿಯೊಂದರಲ್ಲಿ ನನ್ನ ಎರಡು ಗಟ್ಟಿ ಅಂಗಿಗಳಿಗೆ ಹೀಗೆಯೇ ಮಾಡಿ, ಅವನ್ನು ತೊಡಲು ಬಾರದಂತೆ ಮಾಡಿಕೊಟ್ಟರು. ಆರ್ಮ್‌ಹೋಲ್ ಕೆಳಗಿಳಿದಷ್ಟೂ ತೋಳಿನ ಒಳಹೊಲಿಗೆ ಗಿಡ್ಡವಾಗುತ್ತದೆ, ಕೈ ಎತ್ತಿದರೆ ಇಡೀ ಅಂಗಿಯೇ ಎದ್ದು ಬರುತ್ತದೆ. ಸುಮ್ಮನೆ ನಿಂತಾಗ ಸಡಿಲವೆನಿಸುವ ಅಂಗಿ ಕೆಲಸಕ್ಕಿಳಿದಾಗ ಬಿಗಿಯುವುದರ ಗುಟ್ಟು ಇದು. ಹೊಸದಾಗಿ ಹೊಲಿಸುವುದಾದರೆ ಆರ್ಮ್‌ಹೋಲನ್ನು ಕಂಕುಳಿಗೆ ಹತ್ತಿರವಾಗಿ, ಎತ್ತರದಲ್ಲಿಯೇ ಇಡಿಸುವುದು ಸರಿಯಾದ ಮಾರ್ಗ. ಹೊಲಿದಾದ ಅಂಗಿಯಲ್ಲಿ ಆರ್ಮ್‌ಹೋಲನ್ನು ಮೇಲಕ್ಕೆ ತರಲು ಸಾಧ್ಯವಿಲ್ಲದ ಕಾರಣ ಉಳಿಯುವ ದಾರಿ ಗಸೆಟ್.

ನಮ್ಮ ಸೀಮೆಯಲ್ಲಿ ಇದರ ಅಗತ್ಯ ಈಚೆಗೆ ಹೆಚ್ಚಾಗಿದೆ ಎಂಬುದು ನನ್ನ ಅನಿಸಿಕೆ. ಅಡಿಕೆ ಮರವೇರಿ ಕೊನೆ (ಗೊನೆ) ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಅನೇಕ ತೋಟಗಳಿಗೆ ಕಾರ್ಬನ್ ಫೈಬರಿನ ದೋಟಿ, ಅಂದರೆ ಕೊಯ್ಯುವ ಉದ್ದನೆಯ ಕೋಲು, ಬಂದಿದೆ. ನೆಲದ ಮೇಲೆಯೇ ನಿಂತು, ತಲೆಯನ್ನು ಹಿಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ಮೇಲೆತ್ತಿಕೊಂಡೇ ಕೊನೆ ಕೊಯ್ಯಬೇಕು. ಮಳೆಗಾಲದ ಹೊತ್ತಿಗೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ಎಂಬ ಔಷಧ ದ್ರಾವಣ ಹೊಡೆಯಬೇಕು. ಹೀಗೆ ಕೈ ಎತ್ತಿ ಮಾಡುವ ಕೆಲಸದಲ್ಲಿ ಸಿದ್ಧ ಅಂಗಿಗಳ ಕಂಕುಳು ಒಂದು ಹಂಗಾಮನ್ನೂ ತಾಳುವುದಿಲ್ಲ. ಮೈಯ ಉಳಿದ ಭಾಗವೆಲ್ಲ ಗಟ್ಟಿಯಿದ್ದು ಕಂಕುಳು ಮಾತ್ರ ಹೋದ ಅಂಗಿಗಳ ಗಂಟೊಂದು ನಮ್ಮ ಮನೆಯಲ್ಲೂ ಇತ್ತು. ಅದನ್ನೇ ನಾನು ಈ ಅಂಗಡಿಗೆ ಒಯ್ದದ್ದು.

ಅಂಗಿಯನ್ನು ಮೇಜಿನ ಮೇಲೆ ಹರಡುವ ಮೊದಲು ಹಿರಿಯರು ಅದನ್ನು ನನಗೆ ತೊಡಿಸಿ ಕೈ ಎತ್ತಲು ಹೇಳಿದರು. ಕೆಳಅಂಚು ಎಷ್ಟು ಮೇಲೆ ಬಂತು, ಎಳೆತದ ಗೆರೆಗಳು ಮುಂದಕ್ಕೆ ಹೋದವೋ ಬೆನ್ನಿಗೆ ಹೋದವೋ ಎಂಬುದನ್ನು ನೋಡಿ ಚಾಕಿನಿಂದ ಗುರುತು ಹಾಕಿಕೊಂಡರು. ಒಂದು ಅಂಗಿಯನ್ನು ಮಾತ್ರ ಪಕ್ಕಕ್ಕಿಟ್ಟು, 'ಭಟ್ರೇ, ಇದಕ್ಕೆ ಬಗಲ ತುಂಡು ಬ್ಯಾಡ, ಬೆನ್ನೇ ಸಣ್ಣದು, ತುಂಡು ಹಾಕಿದ್ರೆ ಹಣ ದಂಡ' ಎಂದರು. ಎದೆ ಮತ್ತು ಬೆನ್ನಿನ ಅಗಲ ಸಾಲದಿದ್ದರೆ ಗಸೆಟ್ ಏನನ್ನೂ ಸರಿಪಡಿಸಲಾರದು ಎಂಬ ಮಾತನ್ನು ಗಿರಾಕಿಗೆ ನೇರವಾಗಿ ಹೇಳಿ ಕೆಲಸವನ್ನು ಬಿಟ್ಟುಕೊಡುವವರು ಕಡಿಮೆ. ಈ ಅಂಗಡಿಯ ಮೇಲೆ ನನಗೆ ನಂಬಿಕೆ ಬಂದದ್ದು ಹೊಲಿಗೆಯನ್ನು ನೋಡುವುದಕ್ಕೂ ಮೊದಲು, ಆ ಮಾತಿನಿಂದ.

ಕೆಲಸದ ವಿವರಕ್ಕೆ ಬರುತ್ತೇನೆ. ಪಕ್ಕದ ಹೊಲಿಗೆಯನ್ನೂ ತೋಳಿನ ಒಳಹೊಲಿಗೆಯನ್ನೂ ಕಂಕುಳಿನಿಂದ ಎರಡೂ ದಿಕ್ಕಿಗೆ ನಾಲ್ಕು ಇಂಚಿನಷ್ಟು ಬಿಚ್ಚಿ, ಬೆವರಿಗೆ ಜೀರ್ಣವಾದ ಅಂಚನ್ನು ತೆಳ್ಳಗೆ ಕತ್ತರಿಸಿ ತೆಗೆದಿದ್ದಾರೆ. ಹೀಗೆ ಉಂಟಾದ ಉದ್ದನೆಯ ಸೀಳಿಗೆ ಚೌಕದ ತುಂಡನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಕೂಡಿಸಿದ್ದಾರೆ: ಒಂದು ಮೂಲೆ ಪಕ್ಕದ ಹೊಲಿಗೆಯಲ್ಲಿ, ಎದುರು ಮೂಲೆ ತೋಳಿನ ಹೊಲಿಗೆಯಲ್ಲಿ, ಉಳಿದೆರಡು ಮೂಲೆಗಳು ಆರ್ಮ್‌ಹೋಲಿನ ಹೊಲಿಗೆ ಮುಂದೆ ಮತ್ತು ಹಿಂದೆ ಬಂದು ಮುಟ್ಟುವ ಬಿಂದುಗಳಲ್ಲಿ. ಚೌಕದ ಬದಿಗಳನ್ನು ಬಟ್ಟೆಯ ಹಾಸು ಮತ್ತು ಹೊಕ್ಕಿನ ಎಳೆಗಳಿಗೆ ನೇರವಾಗಿ ಕತ್ತರಿಸಿರುವುದರಿಂದ ಮೂಲೆಯಿಂದ ಮೂಲೆಗೆ ಹೋಗುವ ದಾರಿ ತಾನಾಗಿಯೇ ಕ್ರಾಸ್, ಅಂದರೆ ಎಳೆಗಳಿಗೆ ಓರೆ, ಆಗುತ್ತದೆ. ನೇಯ್ದ ಬಟ್ಟೆ ಹಿಗ್ಗುವುದು ಆ ಓರೆಯಲ್ಲಿಯೇ. ಕೈ ಎತ್ತಿದಾಗ ಎಳೆತ ಬೀಳುವ ದಿಕ್ಕೂ ಬಟ್ಟೆ ಹಿಗ್ಗುವ ದಿಕ್ಕೂ ಒಂದೇ ಆದ್ದರಿಂದ ಅಷ್ಟು ಸಣ್ಣ ತುಂಡು ತನ್ನ ಅಳತೆಗೆ ಮೀರಿದ ಅನುಕೂಲವನ್ನು ಕೊಡುತ್ತದೆ. ಬದಿಗಳು ಓರೆಯಾಗುವಂತೆ ಕತ್ತರಿಸಿದರೆ ಹೊಲಿಯುವಾಗಲೇ ಅಂಚು ಹಿಗ್ಗಿ ಅಲೆಅಲೆಯಾಗುತ್ತದೆ. ಆ ದೋಷ ಇಲ್ಲಿ ಒಂದು ಅಂಗಿಯಲ್ಲೂ ಕಾಣಲಿಲ್ಲ.

ಗಸೆಟ್ ಹೊಲಿಗೆಯ ಪರೀಕ್ಷೆ ನಡೆಯುವುದು ಮೂಲೆಗಳಲ್ಲಿ. ನಾಲ್ಕೂ ಬದಿಗಳನ್ನು ಒಂದೇ ಓಟಕ್ಕೆ ಹೊಲಿದುಬಿಟ್ಟರೆ ತಿರುವಿನಲ್ಲಿ ಬಟ್ಟೆ ಮುದುಡಿ ಗಂಟಾಗುತ್ತದೆ. ಆ ಗಂಟು ಕಂಕುಳಿನ ಮೃದು ಚರ್ಮಕ್ಕೆ ಉಜ್ಜಿ, ದಿನವಿಡೀ ಕೆಲಸ ಮಾಡುವವನಿಗೆ ಅಂಗಿ ಹರಿದಿದ್ದೇ ವಾಸಿ ಎನಿಸುತ್ತದೆ. ಹಾಗಾಗಿ ಹೊಲಿಗೆ ಮೂಲೆಯ ಗುರುತಿಗೆ ಸರಿಯಾಗಿ ಬಂದು ನಿಲ್ಲಬೇಕು, ಸೂಜಿ ಬಟ್ಟೆಯಲ್ಲಿಯೇ ಇರುವಂತೆ ಮೆಷಿನ್ನಿನ ಫುಟ್ ಎತ್ತಿ, ಬಟ್ಟೆಯನ್ನು ತಿರುಗಿಸಿ, ಕೆಳಗಿನ ಮಡಿಕೆಯನ್ನು ಬಿಡಿಸಿ, ಮುಂದುವರಿಯಬೇಕು. ಪಕ್ಕದ ಮತ್ತು ತೋಳಿನ ಹೊಲಿಗೆಯಲ್ಲಿ ಬೀಳುವ ಮೂಲೆಗಳಲ್ಲಿ ಹೊಸ ಹೊಲಿಗೆ ಮುಗಿಯುವ ಬಿಂದುವೂ ಹಳೆಯ ಹೊಲಿಗೆ ಆರಂಭವಾಗುವ ಬಿಂದುವೂ ಒಂದೇ ಆಗಬೇಕು. ಒಂದು ದಾರದಷ್ಟು ಹಿಂದೆ ನಿಂತರೆ ಅಲ್ಲೊಂದು ತೂತು, ಮುಂದೆ ಹೋದರೆ ಅಲ್ಲೊಂದು ನಿರಿಗೆ. ಅಂಗಿಯನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿದು ನೋಡಿದೆ. ಮೂಲೆಯ ಹತ್ತಿರ ಹೊಲಿಗೆಯ ಉದ್ದವನ್ನು ಸಣ್ಣದು ಮಾಡಿಕೊಂಡು, ಹಿಂದಕ್ಕೆ ಮುಂದಕ್ಕೆ ಹೊಲಿದು ದಪ್ಪ ಮಾಡದೆ, ದಾರದ ತುದಿಗಳನ್ನು ಕೈಯಿಂದ ಗಂಟು ಹಾಕಿದ್ದಾರೆ. ಅಂಚುಗಳನ್ನು ಇಂಟರ್‌ಲಾಕ್ ಮಾಡಿ ಬಿಡುವ ಬದಲು ಒಳಗೆ ಮಡಚಿ ಎರಡನೆಯ ಸಾಲು ಹೊಲಿಗೆ ಹಾಕಿ ಚಪ್ಪಟೆ ಮಾಡಿದ್ದಾರೆ. ಮುಟ್ಟಿದರೆ ಎಲ್ಲಿಯೂ ದಪ್ಪವಿಲ್ಲ. ಈ ಕೆಲಸವನ್ನು ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನಿನಲ್ಲಿಯೇ ಮಾಡುತ್ತಾರೆ. ಪಕ್ಕದಲ್ಲಿ ಕರೆಂಟಿನ ಮೆಷಿನ್ ಇದ್ದರೂ, ಮೂಲೆಗೆ ಬಂದಾಗ ಒಂದೊಂದೇ ಹೊಲಿಗೆಯಾಗಿ ನಡೆಸಲು ಅದು ಒಗ್ಗುವುದಿಲ್ಲವಂತೆ.

ತುಂಡಿಗೆ ಬಟ್ಟೆ ಎಲ್ಲಿಂದ ಎಂಬ ಪ್ರಶ್ನೆಗೂ ಅವರು ಕೊಡುವ ಉತ್ತರ ಒಪ್ಪುವಂಥದ್ದು. ಉದ್ದ ಅಂಗಿಯಾದರೆ ಕೆಳಅಂಚಿನಿಂದ, ಎರಡು ಕಿಸೆಗಳಿದ್ದರೆ ಒಂದನ್ನು ಬಿಚ್ಚಿ ಅದರಿಂದ ತೆಗೆಯುತ್ತಾರೆ. ಹೀಗೆ ಮಾಡಿದರೆ ಬಣ್ಣವೂ ಹೊಂದುತ್ತದೆ, ಹಳೆಯ ಬಟ್ಟೆಗೆ ಹಳೆಯ ಬಟ್ಟೆಯೇ ಸೇರಿದಂತಾಗುತ್ತದೆ. ಅದಕ್ಕೆ ಅವಕಾಶವಿಲ್ಲದಿದ್ದರೆ ಅಂಗಡಿಯ ಮೂಲೆಯಲ್ಲಿರುವ ಕಟ್‌ಪೀಸುಗಳ ಚೀಲದಿಂದ ಆರಿಸಿ, ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ನಂತರವೇ ಕತ್ತರಿಸುತ್ತಾರೆ. ಹತ್ತಾರು ಸಲ ಒಗೆದು ಕುಗ್ಗಿ ಮುಗಿದ ಅಂಗಿಗೆ ಒಗೆಯದ ಹೊಸ ಹತ್ತಿ ಬಟ್ಟೆಯ ತುಂಡನ್ನು ಕೂಡಿಸಿದರೆ ಮೊದಲ ಒಗೆತದಲ್ಲಿಯೇ ತುಂಡು ಕುಗ್ಗಿ ಸುತ್ತಲಿನ ಬಟ್ಟೆಯನ್ನು ಎಳೆಯುತ್ತದೆ. ಬಣ್ಣದ ಆಯ್ಕೆಯಲ್ಲಿ ಮಾತ್ರ ಅಂಗಡಿ ಸ್ವಲ್ಪ ಹಿಂದೆ. ಓಣಿಯ ಕತ್ತಲಲ್ಲಿ ಟ್ಯೂಬ್‌ಲೈಟಿನ ಕೆಳಗೆ ಹೊಂದಿಕೆಯಾಗಿ ಕಂಡ ಬೂದು ಬಣ್ಣ, ಹೊರಗೆ ಬಿಸಿಲಿಗೆ ಬಂದಾಗ ಹಸಿರು ಛಾಯೆಗೆ ತಿರುಗಿತ್ತು. ತೋಟದ ಅಂಗಿಗೆ ಅದರಿಂದ ನಷ್ಟವಿಲ್ಲ, ಬೋರ್ಡೊದ ನೀಲಿ ಕಲೆಗಳ ನಡುವೆ ಅದನ್ನು ಗಮನಿಸುವವರೂ ಇಲ್ಲ. ಮದುವೆಮನೆಗೆ ತೊಡುವ ಅಂಗಿಯಾದರೆ ಬಟ್ಟೆಯನ್ನು ಬಾಗಿಲಿಗೆ ತಂದು ನೋಡಿ ಒಪ್ಪುವುದು ಕ್ಷೇಮ.

ಚಡ್ಡಿ ಮತ್ತು ಪ್ಯಾಂಟಿನ ಕೆಲಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂದಿಯಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿಗೆ ಬಂದು ಸೇರುವುದರಿಂದ ಎಳೆತವೆಲ್ಲ ಅಲ್ಲಿಯೇ ಬೀಳುತ್ತದೆ. ವಜ್ರಾಕೃತಿಯ ತುಂಡು ಬಂದಾಗ ಆ ಒಂದು ಬಿಂದು ನಾಲ್ಕಾಗಿ ಹಂಚಿಹೋಗುತ್ತದೆ. ಬಂಡೆ ಹತ್ತುವವರ, ಕರಾಟೆ ಮಾಡುವವರ ಅನೇಕ ಪ್ಯಾಂಟುಗಳಲ್ಲಿ ಇದು ಇರುವುದು ಈ ಕಾರಣಕ್ಕೆ. ನಮ್ಮಲ್ಲಿ ಕೆಲಸಕ್ಕೆ ಬರುವ ಕೊನೆಗೌಡನ ದಪ್ಪ ಚಡ್ಡಿಗೆ ಹಾಕಿಸಿದ ತುಂಡು ಒಂದು ಕೊಯ್ಲನ್ನು ಪೂರ್ತಿ ದಾಟಿ ಇನ್ನೂ ಗಟ್ಟಿಯಾಗಿದೆ.

ರವಿಕೆಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ನಿಸ್ಸಂದೇಹವಾದುದಲ್ಲ. ರವಿಕೆಗಳನ್ನು ಅಂಗಡಿಯಲ್ಲಿರುವ ಅಕ್ಕ ನೋಡಿಕೊಳ್ಳುತ್ತಾರೆ. ನನ್ನ ಹೆಂಡತಿಯ ಹತ್ತಿ ರವಿಕೆಗಳಿಗೆ ಸೀರೆಯ ಜೊತೆಗೆ ಬಂದ ಬಟ್ಟೆಯಲ್ಲಿ ಉಳಿದಿದ್ದ ಚೂರುಗಳಿಂದಲೇ ಸಣ್ಣ ತುಂಡು ಹಾಕಿದ್ದಾರೆ. ಕಾಣುವುದೂ ಇಲ್ಲ, ಅಟ್ಟದ ಮೇಲಿನಿಂದ ಡಬ್ಬಿ ಇಳಿಸುವಾಗ ಹಿಡಿಯುವುದೂ ಇಲ್ಲ ಎಂಬುದು ಅವಳ ತೀರ್ಪು. ಅಸ್ತರ್ ಕೊಟ್ಟ ರವಿಕೆಗಳಲ್ಲಿ ಹೊರಬಟ್ಟೆ ಮತ್ತು ಅಸ್ತರ್ ಎರಡಕ್ಕೂ ಬೇರೆ ಬೇರೆ ತುಂಡು ಕೂಡಿಸಬೇಕಾಗುತ್ತದೆ. ಅಲ್ಲಿ ಎರಡು ತುಂಡುಗಳ ಮೂಲೆಗಳು ಒಂದರ ಮೇಲೊಂದು ಬಿದ್ದು ಸ್ವಲ್ಪ ಗಡುಸಾಗಿದೆ. ತೋಳನ್ನೂ ಮೈಯನ್ನೂ ಒಂದೇ ಬಟ್ಟೆಯಲ್ಲಿ ಕತ್ತರಿಸುವ ಮೆಗ್ಯಾ ತೋಳಿನ ರವಿಕೆಯೊಂದಿತ್ತು. ಅಂಥದ್ದರಲ್ಲಿ ಆರ್ಮ್‌ಹೋಲಿನ ಹೊಲಿಗೆಯೇ ಇರುವುದಿಲ್ಲ, ಹಾಗಾಗಿ ಗಸೆಟ್ ಕೂಡಿಸಲು ಇಡೀ ಬಟ್ಟೆಯನ್ನೇ ಸೀಳಬೇಕು. ಸೀಳಿನ ತುದಿಯಲ್ಲಿ ಹೊಲಿಗೆಗೆ ಬಿಡುವ ಅಂಚು ಕಿರಿದಾಗುತ್ತಾ ಬಂದು ಕೊನೆಗೆ ಇಲ್ಲವಾಗುತ್ತದೆ. ಆ ತುದಿಗೆ ಮೊದಲೇ ತೆಳುವಾದ ಬಟ್ಟೆಯ ಚೂರೊಂದನ್ನು ಆಸರೆಯಾಗಿ ಹೊಲಿದು, ಆಮೇಲೆ ಸೀಳುವುದು ಕ್ರಮ. ಅಕ್ಕ ಅದನ್ನು ಮಾಡಿದ್ದಾರೆ, ಒಂದು ಕಡೆ ಚೆನ್ನಾಗಿಯೂ ಬಂದಿದೆ, ಇನ್ನೊಂದು ಕಡೆ ತುದಿಯಲ್ಲಿ ಸಣ್ಣ ನಿರಿಗೆ ಉಳಿದಿದೆ. ರೇಷ್ಮೆ ರವಿಕೆಯನ್ನು ಮಾತ್ರ ಅವರು ಮುಟ್ಟಲೇ ಒಪ್ಪಲಿಲ್ಲ. ಹಳೆಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ರೇಷ್ಮೆಯ ಮೇಲೆ ಶಾಶ್ವತವಾಗಿ ಉಳಿಯುತ್ತವೆ ಎಂಬ ಅವರ ಕಾರಣ ಸರಿಯಾದುದೇ. ಟೀ ಶರ್ಟ್ ಮುಂತಾದ ಹೆಣೆದ ಬಟ್ಟೆಗಳನ್ನೂ ಇಲ್ಲಿ ತೆಗೆದುಕೊಳ್ಳುವುದಿಲ್ಲ.

ದರ ಅಂಗಿಯ ಎರಡೂ ಕಂಕುಳಿಗೆ ಸೇರಿ ₹150, ಚಡ್ಡಿ ಅಥವಾ ಪ್ಯಾಂಟಿಗೆ ₹100, ಅಸ್ತರ್ ಇರುವ ರವಿಕೆಗೆ ₹200. ಅಗ್ಗದ ಹೊಸ ಅಂಗಿಯೇ ಈ ದರದ ಹತ್ತಿರಕ್ಕೆ ಸಿಗುವಾಗ ಇದು ದುಬಾರಿಯೆಂದು ವಾದಿಸಬಹುದು. ಒಳ್ಳೆಯ ಹತ್ತಿಯ ದಪ್ಪ ಅಂಗಿಗೆ ಇಂದು ಕೊಡಬೇಕಾದ ಬೆಲೆಯನ್ನು ನೋಡಿದರೆ, ಮತ್ತು ಬಿಚ್ಚುವುದು, ನೆನೆಸುವುದು, ಎಂಟು ಮೂಲೆಗಳಲ್ಲಿ ಸೂಜಿ ನಿಲ್ಲಿಸುವುದು ಇಷ್ಟನ್ನೂ ಲೆಕ್ಕ ಹಾಕಿದರೆ, ನನಗೆ ದರ ನ್ಯಾಯವಾಗಿಯೇ ಕಂಡಿತು. ಬಟ್ಟೆ ಈಗಾಗಲೇ ಪಿಸಿಯುತ್ತಿರುವ ಅಂಗಿಗೆ ಈ ಖರ್ಚು ಬೇಡ. ಗಟ್ಟಿ ತುಂಡಿನ ಪಕ್ಕದಲ್ಲಿಯೇ ಹಳೆಯ ಬಟ್ಟೆ ಮತ್ತೆ ಬಿರಿಯುತ್ತದೆ.

ಅಂಗಡಿಯ ದೊಡ್ಡ ಕೊರತೆ ವ್ಯವಸ್ಥೆಯದು. ಚೀಟಿ ಕೊಡುವುದಿಲ್ಲ, ಬಟ್ಟೆಗೆ ಗುರುತಿನ ತುಂಡು ಕಟ್ಟುವುದಿಲ್ಲ, ಎಲ್ಲವೂ ಹಿರಿಯರ ನೆನಪಿನ ಮೇಲೆ ನಡೆಯುತ್ತದೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದು ಅಪರೂಪ, ಫೋನ್ ಮಾಡಿದರೆ ಎತ್ತುವುದು ಇನ್ನೂ ಅಪರೂಪ. ಸಿದ್ದಾಪುರ, ಯಲ್ಲಾಪುರಗಳಿಂದ ಇದೊಂದೇ ಕೆಲಸಕ್ಕೆ ಬರುವವರು ಇದನ್ನು ಗಮನದಲ್ಲಿಡಬೇಕು. ಓಣಿಯೊಳಗೆ ಕಾರು ಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹಿಂದುಮುಂದಿನ ವಾರಗಳಲ್ಲಂತೂ ಹೊಸ ಬಟ್ಟೆಯ ಒತ್ತಡದಲ್ಲಿ ದುರಸ್ತಿಯ ಗಂಟುಗಳು ಅಟ್ಟ ಸೇರುತ್ತವೆ.

ಕೊಡುವವರು ಬಟ್ಟೆಯನ್ನು ಒಗೆದು ಒಣಗಿಸಿ ಕೊಡಬೇಕು, ತೊಡುವ ವ್ಯಕ್ತಿಯೇ ಹೋಗಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ಹಿರಿಯರು ಅಂದಾಜಿನಲ್ಲಿ ಮೂರು ಇಂಚಿನ ತುಂಡು ಹಾಕುತ್ತಾರೆ, ದಪ್ಪ ಮೈಯವರಿಗೆ ಅದು ಸಾಲುವುದಿಲ್ಲ. ಬಿಡಿಸಿದ ಕಿಸೆಯ ಉಳಿದ ಬಟ್ಟೆಯನ್ನು ಕೇಳಿದರೆ ಹಿಂದಿರುಗಿಸುತ್ತಾರೆ. ತೆಗೆದುಕೊಳ್ಳುವಾಗ ಅಲ್ಲಿಯೇ ತೊಟ್ಟು, ಎರಡೂ ಕೈಗಳನ್ನು ದೋಟಿ ಹಿಡಿದಷ್ಟು ಮೇಲೆತ್ತಿ ನೋಡಿ. ಹಿಡಿದರೆ ಅರ್ಧ ಇಂಚು ಬಿಡಿಸಿ ಮತ್ತೆ ಹೊಲಿದುಕೊಡಲು ಅವರು ಬೇರೆ ಹಣ ಕೇಳುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಉಳಿದ ದಿನ ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಯಾವಾಗ ಹೋದರೂ ಹಿರಿಯರು ಸಿಗುತ್ತಾರೆ.